12 ವರ್ಷ ಸುಮ್ಮನಿದ್ದ ಹೇರ್ ಡೈ ಈಗ ಯಾಕೆ ಮುಖ ಊದಿಸುತ್ತದೆ?

ದೀಪಾವಳಿ ಕಳೆದು ಮದುವೆ, ಕೋಲ, ಗೃಹಪ್ರವೇಶ ಶುರುವಾದರೆ ಮೇ ಕೊನೆಗೆ ಇವೆಲ್ಲ ಮುಗಿಯುವ ಪತ್ತನಾಜೆಯವರೆಗೂ ನನ್ನ ಉಡುಪಿಯ ಕ್ಲಿನಿಕ್ಕಿಗೆ ಊದಿದ ಮುಖಗಳು ಬರುತ್ತಲೇ ಇರುತ್ತವೆ. ಪತ್ರಗಳೂ ಹಾಗೆಯೇ. ಪ್ರಶ್ನೆ ಒಂದೇ, ಕೇಳುವವರ ಊರು ಮಾತ್ರ ಬೇರೆ. ಈ ಸಲ ಅದಕ್ಕೆ ಪೂರ್ತಿ ಉತ್ತರ ಕೊಟ್ಟುಬಿಡುತ್ತೇನೆ. ಉಳಿದವಕ್ಕೆ ಒಂದೆರಡು ಸಾಲು ಸಾಕು.

ಪ್ರಶ್ನೆ: ನನಗೆ 47 ವರ್ಷ. 12 ವರ್ಷದಿಂದ ಒಂದೇ ಕಂಪನಿಯ ಡೈ ಹಚ್ಚುತ್ತಿದ್ದೇನೆ. ತಂಗಿಯ ಮಗಳ ಮದುವೆಗೆಂದು ಶುಕ್ರವಾರ ಸಂಜೆ ಹಚ್ಚಿದೆ. ಶನಿವಾರ ರಾತ್ರಿ ಕಿವಿಯ ಹಿಂದೆ ತುರಿಕೆ ಶುರುವಾಯಿತು. ಭಾನುವಾರ ಬೆಳಿಗ್ಗೆ ಕಣ್ಣು ಬಿಡಲು ಆಗಲಿಲ್ಲ. ಮದರಂಗಿ ದಿನ ಸಿಗಡಿ ಸುಕ್ಕ ತಿಂದಿದ್ದೆ, ಅದರದ್ದೇ ನಂಜು ಎಂದು ಅತ್ತೆ ಹೇಳುತ್ತಾರೆ. ಇಷ್ಟು ವರ್ಷ ಏನೂ ಆಗದ ಡೈ ಈಗ ಅಲರ್ಜಿ ಮಾಡುತ್ತದಾ? ಬೇರೆ ಕಂಪನಿಯದ್ದು ಹಚ್ಚಬಹುದಾ? (ಕುಂದಾಪುರ)

ಉತ್ತರ: ಸಿಗಡಿಯದ್ದು ಏನೂ ತಪ್ಪಿಲ್ಲ. ಡೈಯದ್ದೇ. ಇಷ್ಟು ವರ್ಷ ಹಚ್ಚಿದ್ದೀರಲ್ಲ, ಅಲರ್ಜಿ ಬಂದದ್ದೇ ಅದರಿಂದ.

ಕಪ್ಪು ಬಣ್ಣದ ಪರ್ಮನೆಂಟ್ ಡೈಗಳಲ್ಲಿ ಹೆಚ್ಚಿನವುಗಳ ಒಳಗೆ ಪ್ಯಾರಾಫಿನೈಲೀನ್ ಡೈಅಮೀನ್ ಎಂಬ ರಾಸಾಯನಿಕ ಇರುತ್ತದೆ. ನಾವು ಪಿಪಿಡಿ ಎನ್ನುತ್ತೇವೆ. ಇದರ ಕಣ ತುಂಬಾ ಸಣ್ಣದು, ಕೂದಲಿನ ಒಳಗೆ ಸಲೀಸಾಗಿ ಹೋಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಸೇರಿದಾಗ ಅಲ್ಲೇ ದೊಡ್ಡ ಬಣ್ಣದ ಕಣವಾಗಿ ಹೊರಗೆ ಬಾರದಂತೆ ಕುಳಿತುಬಿಡುತ್ತದೆ. ಡೈ ತೊಳೆದರೂ ಹೋಗದಿರುವುದು ಇದರಿಂದಲೇ. ಆದರೆ ಬಣ್ಣ ಪೂರ್ತಿ ಆಗುವ ಮೊದಲಿನ ಅರೆಬರೆ ಹಂತದಲ್ಲಿ ಅದೇ ಕಣ ನೆತ್ತಿಯ, ಹಣೆಯ ಚರ್ಮದ ಒಳಗೂ ಇಳಿದು ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ನಮ್ಮ ರೋಗನಿರೋಧಕ ಜೀವಕೋಶಗಳಲ್ಲಿ ಟಿ ಸೆಲ್ ಎಂಬವು ಒಂದು ದಿನ ಅದನ್ನು ಶತ್ರು ಎಂದು ಗುರುತು ಹಾಕಿಕೊಳ್ಳುತ್ತವೆ. ಆ ದಿನ ಮೊದಲ ಸಲದ್ದೇ ಆಗಬಹುದು, 12 ವರ್ಷ ಕಳೆದ ಮೇಲೂ ಆಗಬಹುದು. ಗುರುತು ಹಾಕಿಕೊಳ್ಳುವಾಗ ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಮಾತ್ರ ಮರೆಯುವುದೇ ಇಲ್ಲ. ಒಮ್ಮೆ ಕಳ್ಳನ ವಾಸನೆ ಹಿಡಿದ ಊರ ನಾಯಿಯ ಹಾಗೆ, ಅಂಗಿ ಬದಲಿಸಿ ಬಂದರೂ ಬೊಗಳುತ್ತವೆ.

ಶುಕ್ರವಾರ ಹಚ್ಚಿದ್ದು ಭಾನುವಾರ ಊದಿದ್ದು ಯಾಕೆ ಎಂದರೆ, ಈ ಟಿ ಸೆಲ್‌ಗಳು ಒಟ್ಟುಗೂಡಿ ಗಲಾಟೆ ಮಾಡಲು ಒಂದರಿಂದ ಮೂರು ದಿನ ಬೇಕು. ಜನ ಮೋಸ ಹೋಗುವುದೇ ಇಲ್ಲಿ. ಹಚ್ಚಿದ ಕೂಡಲೇ ಏನೂ ಆಗದ್ದರಿಂದ ಡೈಯನ್ನು ಸಂಶಯಿಸುವುದಿಲ್ಲ, ನಡುವೆ ತಿಂದ ಬಂಗುಡೆ, ಬದನೆ, ಸಿಗಡಿ ಎಲ್ಲದರ ಮೇಲೆ ಅಪವಾದ.

ಇನ್ನೊಂದು ಗೊಂದಲ ಇದೆ. ನೆತ್ತಿಯ ಚರ್ಮ ದಪ್ಪ, ಅಲ್ಲಿ ಅಷ್ಟೇನೂ ಕಾಣದೆ ಇರಬಹುದು. ಕಣ್ಣಿನ ರೆಪ್ಪೆ ತೆಳು, ಹಾಗಾಗಿ ಹಚ್ಚದ ಜಾಗವೇ ಮೊದಲು ಊದುತ್ತದೆ. ಕಿವಿಯ ಮೇಲಂಚಿನಲ್ಲಿ ಸಣ್ಣ ಗುಳ್ಳೆ ಒಡೆದು ಹಳದಿ ನೀರು ಇಳಿಯುತ್ತದೆ, ಬೆಳಿಗ್ಗೆ ಏಳುವಾಗ ದಿಂಬಿನ ಕವರು ಕಿವಿಗೆ ಅಂಟಿರುತ್ತದೆ. ತಲೆ ತೊಳೆದ ನೀರು ಹರಿದ ದಾರಿಯಲ್ಲಿ ಕುತ್ತಿಗೆಯ ಹಿಂದೆ ಕೆಂಪು ಗೆರೆ. ಇಷ್ಟು ಕಂಡರೆ ನನಗೆ ಬೇರೆ ಪರೀಕ್ಷೆ ಮೊದಲಿಗೆ ಬೇಡ. ಆದರೆ ಹಣೆಯಲ್ಲಿ ಗುಳ್ಳೆ ಕಂಡ ಕೂಡಲೇ ಸರ್ಪಸುತ್ತು ಎಂದು ಕೆಮ್ಮಣ್ಣು ಬಳಿಸಿಕೊಂಡು ಬರುವವರಿದ್ದಾರೆ. ಸರ್ಪಸುತ್ತು ಸಾಮಾನ್ಯವಾಗಿ ಮುಖದ ಒಂದೇ ಬದಿ ಹಿಡಿಯುತ್ತದೆ, ತುರಿಕೆಗಿಂತ ಉರಿ, ನೋವು ಜಾಸ್ತಿ. ಎರಡೂ ಕಣ್ಣು, ಎರಡೂ ಕಿವಿ ಊದುವುದು ಸರ್ಪಸುತ್ತು ಅಲ್ಲ, ಮಾರಾಯ್ರೇ. ಒಸರುವ ಚರ್ಮದ ಮೇಲೆ ಮಣ್ಣು ಹಚ್ಚಿದರೆ ಕೀವು ಆಗುತ್ತದೆ, ಮತ್ತೆ ನನಗೆ ಎರಡು ರೋಗಕ್ಕೆ ಮದ್ದು ಕೊಡಬೇಕು.

ಈಗ ಬೇರೆ ಕಂಪನಿಯ ಮಾತು. ಬೇಡ. ಕಂಪನಿ ಬೇರೆಯಾದರೂ ಕಪ್ಪು ಬಣ್ಣ ಬರಿಸುವ ರಾಸಾಯನಿಕ ಒಂದೇ, ಇಲ್ಲವೇ ಅದರ ಹತ್ತಿರದ ಸಂಬಂಧಿ. ಪಿಪಿಡಿ ಬದಲು ಟೊಲ್ವೀನ್ ಡೈಅಮೀನ್ ಹಾಕಿದ ಡೈಗಳಿವೆ. ಪಿಪಿಡಿ ಅಲರ್ಜಿ ಇರುವವರಲ್ಲಿ ಬಹಳ ಮಂದಿಗೆ ಅದೂ ಆಗುವುದಿಲ್ಲ. ಪ್ಯಾಕೆಟ್ಟಿನ ಹಿಂದೆ ಇರುವೆ ಸಾಲಿನಂಥ ಅಕ್ಷರ ಇರುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ‘ಡೈಅಮೀನ್’ ಎಂದು ಇರುವ ಹೆಸರು ಕಂಡರೆ ಅಲ್ಲೇ ಇಟ್ಟು ಬನ್ನಿ.

‘ಅಮೋನಿಯಾ ಇಲ್ಲ’ ಎಂಬ ದೊಡ್ಡ ಅಕ್ಷರಕ್ಕೆ ಬೀಳಬೇಡಿ. ಅಮೋನಿಯಾದ ಕೆಲಸ ಕೂದಲಿನ ಹೊರಪದರ ತೆರೆಯುವುದು. ಅದನ್ನು ತೆಗೆದರೆ ಕಣ್ಣುರಿಸುವ ವಾಸನೆ ಹೋಗುತ್ತದೆ, ಪಿಪಿಡಿ ಹೋಗುವುದಿಲ್ಲ.

ನನಗೆ ನಿಜಕ್ಕೂ ಸಿಟ್ಟು ಬರುವುದು ‘ಹರ್ಬಲ್ ಕಪ್ಪು ಮೆಹಂದಿ’ ಪುಡಿಯ ಮೇಲೆ. ಡೈ ಆಗುವುದಿಲ್ಲ ಎಂದು ಡಾಕ್ಟರು ಹೇಳಿದರು, ಅದಕ್ಕೇ ಮದರಂಗಿಗೆ ಬದಲಿಸಿದೆ ಎಂದು ಎರಡನೇ ಸಲ ಇನ್ನೂ ಊದಿಸಿಕೊಂಡು ಬರುತ್ತಾರೆ. ಮದರಂಗಿ ಸೊಪ್ಪು ಯಾವ ಕಾಲಕ್ಕೂ ಕಪ್ಪು ಬಣ್ಣ ಕೊಡುವುದಿಲ್ಲ. ಅದರಲ್ಲಿರುವ ಲಾಸೋನ್ ಎಂಬ ಬಣ್ಣ ಕೆಂಪು, ಜಾಸ್ತಿ ಎಂದರೆ ಕೆಂಗಂದು. ಅದೂ ಗಂಟೆಗಟ್ಟಲೆ ಇಟ್ಟರೆ. ಅರ್ಧ ಗಂಟೆಯಲ್ಲಿ ಕಾಡಿಗೆ ಕಪ್ಪು ಆಗುವ ಪುಡಿಯಲ್ಲಿ ಪಿಪಿಡಿ ಇದೆ ಎಂದೇ ತಿಳಿಯಿರಿ, ಪ್ಯಾಕೆಟ್ಟಿನ ಮೇಲೆ ಎಷ್ಟೇ ಸೊಪ್ಪಿನ ಚಿತ್ರ ಇರಲಿ. ಮದುವೆಮನೆಯಲ್ಲಿ ಮಕ್ಕಳ ಕೈಗೆ ಹಾಕುವ ಕಪ್ಪು ಮೆಹಂದಿಯೂ ಅದೇ. ಗಲ್ಫಿನಿಂದ ಬರುವವರು ತರುವ ಕಪ್ಪು ಕೋನೂ ಅದೇ. ಯುರೋಪಿನಲ್ಲಿ ತಲೆಗೆ ಹಚ್ಚುವ ಡೈಯಲ್ಲಿ ಪಿಪಿಡಿ 2 ಶೇಕಡ ಮೀರಬಾರದು, ಚರ್ಮಕ್ಕೆ ನೇರ ಹಚ್ಚಲು ಅನುಮತಿಯೇ ಇಲ್ಲ. ನಾವು ಆರು ವರ್ಷದ ಮಗುವಿನ ಕೈಗೆ ಹೂಬಳ್ಳಿ ಬಿಡಿಸುತ್ತೇವೆ. ಆ ಮಗು ಇಪ್ಪತ್ತು ವರ್ಷ ಕಳೆದು ಮೊದಲ ಸಲ ತಲೆಗೆ ಡೈ ಹಚ್ಚಿದಾಗ ಮುಖ ಊದಿದರೆ ಈ ಮದುವೆ ಯಾರಿಗೆ ನೆನಪಿರುತ್ತದೆ?

ಖಚಿತವಾಗಿ ತಿಳಿಯಬೇಕಾದರೆ ಪ್ಯಾಚ್ ಟೆಸ್ಟ್ ಮಾಡಬೇಕು. 1 ಶೇಕಡ ಪಿಪಿಡಿ ಇರುವ ಮುಲಾಮನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಡುತ್ತೇವೆ. ತೆಗೆದಾಗ ಒಮ್ಮೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತೇವೆ. ಮುಖದ ಊತ ಪೂರ್ತಿ ಇಳಿದ ಮೇಲೆಯೇ ಇದು. ಏಪ್ರಿಲ್, ಮೇಯಲ್ಲಿ ನಾನು ಆದಷ್ಟು ಮಾಡುವುದಿಲ್ಲ. ನಮ್ಮ ಕರಾವಳಿಯ ಬೆವರಿಗೆ ಟೇಪು ಮಧ್ಯಾಹ್ನದೊಳಗೆ ಎದ್ದು ಬರುತ್ತದೆ. ಬೆನ್ನಿಗೆ ನೀರು ತಾಗಿಸಬೇಡಿ ಎಂದರೆ ದಿನಕ್ಕೆ ಎರಡು ಸಲ ಮೀಯುವ ಜನ ನನ್ನನ್ನೇ ಸಂಶಯದಿಂದ ನೋಡುತ್ತಾರೆ. ಒಮ್ಮೆ ಊದಿದವರು ಮನೆಯಲ್ಲಿ ಡೈ ಹಚ್ಚಿ ‘ಟೆಸ್ಟ್’ ಮಾಡುವ ಸಾಹಸಕ್ಕೆ ಹೋಗಬೇಡಿ. ಇನ್ನೂ ಏನೂ ಆಗದವರು ಮಾತ್ರ ಕಲಸಿದ ಡೈಯನ್ನು ಚೂರು ಕಿವಿಯ ಹಿಂದೆ ಹಚ್ಚಿ ಎರಡು ದಿನ ಕಾದು ನೋಡಬಹುದು. ಸೆಲೂನಿನಲ್ಲಿ ಅರ್ಧ ಗಂಟೆ ಹಚ್ಚಿ ‘ಏನೂ ಆಗಿಲ್ಲ’ ಎನ್ನುವುದು ಟೆಸ್ಟೇ ಅಲ್ಲ.

ಊದಿದ ದಿನ ಏನು ಮಾಡಬೇಕು? ತಲೆಯನ್ನು ಮೃದು ಶಾಂಪೂ ಹಾಕಿ ಚೆನ್ನಾಗಿ ತೊಳೆಯಿರಿ, ತಣ್ಣೀರಿನ ಬಟ್ಟೆ ಇಡಿ, ಚರ್ಮದ ಡಾಕ್ಟರ ಹತ್ತಿರ ಹೋಗಿ. ಮುಖ ಇಷ್ಟು ಊದಿದರೆ ಕೆಲವು ದಿನ ಸ್ಟೀರಾಯ್ಡ್ ಮಾತ್ರೆ ಬೇಕಾಗುತ್ತದೆ, ಅದು ಡಾಕ್ಟರ ಲೆಕ್ಕದಲ್ಲಿ. ಮೆಡಿಕಲ್ ಅಂಗಡಿಯವರು ಕೊಡುವ ಮೂರು ಮದ್ದು ಬೆರೆಸಿದ ಟ್ಯೂಬನ್ನು ತಿಂಗಳುಗಟ್ಟಲೆ ಮುಖಕ್ಕೆ ತಿಕ್ಕಬೇಡಿ. ಲಿಂಬೆರಸ, ಕರ್ಪೂರದ ಎಣ್ಣೆ ಅಡುಗೆಮನೆಯಲ್ಲೇ ಇರಲಿ. ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ ಮಾತ್ರ ಕಾಯಬೇಡಿ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ಅಪರೂಪ, ಆದರೆ ಆಗುತ್ತದೆ.

ತಲೆ ಬೋಳಿಸಬೇಕಾಗಿಲ್ಲ. ಕೂದಲಿನ ಒಳಗೆ ಪೂರ್ತಿ ಕೂತ ಬಣ್ಣ ಸಾಮಾನ್ಯವಾಗಿ ಉಪದ್ರ ಕೊಡುವುದಿಲ್ಲ. ಇನ್ನು ಮುಂದೆ ಬಣ್ಣ ಬೇಕೇ ಬೇಕು ಎಂದಾದರೆ, ಏನೂ ಬೆರೆಸದ ಮದರಂಗಿ ಹಚ್ಚಿ ತೊಳೆದು ಅದರ ಮೇಲೆ ಶುದ್ಧ ನೀಲಿ ಸೊಪ್ಪಿನ (ಇಂಡಿಗೋ ಗಿಡದ) ಪುಡಿ. ಎರಡು ಸಲದ ಕೆಲಸ, ಬಣ್ಣವೂ ಡೈಯಷ್ಟು ಗಾಢ ಅಲ್ಲ. ನನ್ನ ಮಟ್ಟಿಗೆ ಬಿಳಿ ಕೂದಲು ರೋಗವಲ್ಲ. ಹಾಗೆಂದು ಹೇಳಿದರೆ ಪೇಷಂಟುಗಳು ಮುಂದಿನ ಸಲ ಬೇರೆ ಡಾಕ್ಟರ ಹತ್ತಿರ ಹೋಗುತ್ತಾರೆ, ಅದು ಬೇರೆ ಮಾತು. ಹಲ್ಲಿನ ಡಾಕ್ಟರು ಮರಗಟ್ಟಿಸುವ ಮದ್ದು ಕೊಡುವ ಮೊದಲು ಈ ಅಲರ್ಜಿಯ ವಿಷಯ ಹೇಳಿ. ಬೆಂಜೋಕೇನ್‌ನಂಥ ಕೆಲವು ಮದ್ದುಗಳು ಪಿಪಿಡಿಗೆ ಹತ್ತಿರದವು.

ಪ್ರಶ್ನೆ: ಡೈ ಹಚ್ಚುವ ಮೊದಲು ಒಂದು ಸಿಟ್ರಿಜಿನ್ ನುಂಗಿದರೆ ಸಾಕಲ್ವಾ? (ಸುರತ್ಕಲ್)

ಉತ್ತರ: ಸಾಲದು. ಆ ಅಲರ್ಜಿ ಮಾತ್ರೆ ತಡೆಯುವುದು ದೇಹದಲ್ಲಿ ತುರಿಕೆ ಎಬ್ಬಿಸುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು, ಇಲ್ಲಿ ಅದು ಮುಖ್ಯ ಆರೋಪಿಯೇ ಅಲ್ಲ. ನಿದ್ದೆ ಬರಬಹುದು, ಊತ ನಿಲ್ಲುವುದಿಲ್ಲ.

ಪ್ರಶ್ನೆ: ತುರಿಕೆ ಇಲ್ಲ, ಊತ ಇಲ್ಲ. ಹಣೆಯ ಅಂಚು, ಕೆನ್ನೆಯ ಬದಿ ಮಾತ್ರ ಬೂದು ಕಪ್ಪಾಗಿದೆ. ಭಂಗಿನ ಕ್ರೀಮಿಗೆ ಹೋಗುತ್ತಿಲ್ಲ. (ಕಾರ್ಕಳ)

ಉತ್ತರ: ಡೈ ಹಚ್ಚುತ್ತೀರಾ? ಅದನ್ನು ಬರೆದೇ ಇಲ್ಲ! ನಮ್ಮವರ ಚರ್ಮದಲ್ಲಿ ಡೈ ಅಲರ್ಜಿ ಹೀಗೆ ಸದ್ದಿಲ್ಲದೆ ಕಪ್ಪು ಕಲೆಯಾಗಿ ಬರುವುದುಂಟು, ಕೆಲವರಿಗೆ ಕೂದಲಂಚಿನಲ್ಲಿ ಬಿಳಿ ಮಚ್ಚೆಯಾಗಿಯೂ ಬರುತ್ತದೆ. ಮೊದಲು ಡೈ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಕಲೆ ಮಾಸಲು ತಿಂಗಳುಗಳು ಬೇಕು. ಹಚ್ಚುತ್ತಲೇ ಕ್ರೀಮು ತಿಕ್ಕುವುದು ದುಡ್ಡು ದಂಡ.

ಪ್ರಶ್ನೆ: ಬಂಗುಡೆ ಬಿಟ್ಟರೆ ಬೇಗ ಗುಣವಾಗುತ್ತದಾ? (ಕಾಪು)

ಉತ್ತರ: ಇಲ್ಲ. ತಿನ್ನಿ.

ಪ್ರಶ್ನೆ: ಮನೆಯಲ್ಲಿ ಡೈ ಹಚ್ಚುವವರಿಗೆ ಕ್ಯಾನ್ಸರ್ ಬರುತ್ತದೆ ಎಂದು ವಾಟ್ಸಾಪಿನಲ್ಲಿ ಬಂತು. (ಬಂಟ್ವಾಳ)

ಉತ್ತರ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2010ರ ವರದಿಯಲ್ಲಿ, ಮನೆಬಳಕೆಯ ಬಗ್ಗೆ ಹಾಗೆ ತೀರ್ಮಾನಿಸುವಷ್ಟು ಪುರಾವೆ ಇಲ್ಲ ಎಂದಿದೆ. ದಿನವಿಡೀ ಇದರಲ್ಲೇ ಕೆಲಸ ಮಾಡುವ ಸೆಲೂನಿನವರ ಕೆಲಸವನ್ನು ಮಾತ್ರ ‘ಬಹುಶಃ ಕ್ಯಾನ್ಸರ್‌ಕಾರಕ’ ಗುಂಪಿಗೆ ಸೇರಿಸಿದೆ. ಅವರು ಗ್ಲೌಸ್ ಹಾಕದೆ ಡೈ ಮುಟ್ಟಬಾರದು.

ಪ್ರಶ್ನೆ: ತಲೆಗೆ ಏನೂ ಆಗಿಲ್ಲ. ಹುಬ್ಬಿಗೂ ಸ್ವಲ್ಪ ಹಚ್ಚಲೇ? (ಮಣಿಪಾಲ)

ಉತ್ತರ: ಬೇಡ. ಹುಬ್ಬಿಗೆ, ರೆಪ್ಪೆಗೆ ಹಚ್ಚಿದರೆ ಕಣ್ಣು ಹೋಗಬಹುದು ಎಂದು ಪ್ಯಾಕೆಟ್ಟಿನ ಮೇಲೆಯೇ ಬರೆದಿರುತ್ತದೆ. ಅದು ಕಾನೂನಿನ ಪ್ರಕಾರ ಬರೆಯಲೇಬೇಕಾದ ಎಚ್ಚರಿಕೆ, ಕಂಪನಿಯವರು ಸುಮ್ನೆ ಬರೆದದ್ದಲ್ಲ.