ವಯಸ್ಕರಾದ ಮೇಲೆ ಹೆಸರು ಬದಲಿಸಿಕೊಳ್ಳಲು ಕೋರ್ಟಿಗೆ ಹೋಗಬೇಕೇ?

ಶಿರಾ ತಾಲ್ಲೂಕಿನವರಾದ ತಾವು, ಶಾಲೆಗೆ ಸೇರಿಸುವಾಗ ಮನೆಯವರು ಬರೆಸಿದ ಹೆಸರನ್ನು ಬಿಟ್ಟು ಬೇರೆ ಹೆಸರಿಟ್ಟುಕೊಳ್ಳಲು ಕೋರ್ಟಿಗೆ ಹೋಗಬೇಕೇ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಅದು ಬದಲಾಗುತ್ತದೆಯೇ ಎಂದು ಕೇಳಿದ್ದೀರಿ. ತುಮಕೂರಿನಲ್ಲಿ ವಕೀಲಿ ಮಾಡುವ ನನ್ನ ಬಳಿಗೆ ಇದೇ ಪ್ರಶ್ನೆ ಹಿಡಿದು ಬರುವವರು ಬಹಳ. ಹದಿನೆಂಟು ತುಂಬಿದವರು ಹೆಸರು ಬದಲಿಸಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಕೋರ್ಟಿನ ಆದೇಶ ಬೇಕಿಲ್ಲ; ಅಂಕಪಟ್ಟಿಯ ಮಾತು ಮಾತ್ರ ಬೇರೆ.

ಮೊದಲು ತಮ್ಮದು ನಿಜವಾಗಿ ಹೆಸರಿನ ಬದಲಾವಣೆಯೋ, ಬರಿಯ ದಾಖಲೆಗಳ ನಡುವಿನ ವ್ಯತ್ಯಾಸವೋ ಎಂಬುದನ್ನು ನಿಶ್ಚಯಿಸಿಕೊಳ್ಳಿ. ನಮ್ಮ ಕಡೆ ಊರಿನ ಹೆಸರೂ ತಂದೆಯ ಹೆಸರೂ ಇನಿಷಿಯಲ್ ಆಗಿ ಸೇರುವುದರಿಂದ, ಅಂಕಪಟ್ಟಿಯಲ್ಲಿ ‘ನಾಗರಾಜು ಎಸ್. ಆರ್.’ ಎಂದಿದ್ದವರು ಆಧಾರ್‌ನಲ್ಲಿ ‘ಎಸ್. ಆರ್. ನಾಗರಾಜ’ ಆಗಿ, ಪಹಣಿಯಲ್ಲಿ ‘ನಾಗರಾಜಪ್ಪ ಉರುಫ್ ರಾಜಣ್ಣ’ ಆಗಿರುವುದು ಸರ್ವೇಸಾಮಾನ್ಯ. ಇಂಥವರಿಗೆ, ಈ ಹೆಸರುಗಳೆಲ್ಲ ಒಬ್ಬರವೇ ಎಂದು ನೋಟರಿಯ ಮುಂದೆ ಮಾಡಿಸಿದ ಅಫಿಡವಿಟ್ ಮತ್ತು ಆಯಾ ಕಚೇರಿಗೆ ಕೊಡುವ ತಿದ್ದುಪಡಿ ಅರ್ಜಿ ಬಹುತೇಕ ಸಾಕಾಗುತ್ತದೆ. ಸರ್ಕಾರದ ಅಧಿಕೃತ ಪ್ರಕಟಣಾ ಪತ್ರವಾದ ಗೆಜೆಟ್‌ನಲ್ಲಿ ಹೆಸರು ಹಾಕಿಸಿಕೊಡುತ್ತೇವೆಂದು ಹಣ ಕೀಳುವ ದಲ್ಲಾಳಿಗಳ ಕೈಗೆ ಸಿಕ್ಕಿಬೀಳುವವರೂ, ನಾನು ಕಂಡಂತೆ, ಹೆಚ್ಚಾಗಿ ಇವರೇ.

ತಮ್ಮಂತೆ ಹೆಸರನ್ನೇ ಬದಲಿಸುವವರು ಇ-ಸ್ಟಾಂಪ್ ಕಾಗದದ ಮೇಲೆ ಹಳೆಯ ಹೆಸರು, ಹೊಸ ಹೆಸರು, ತಂದೆ ಅಥವಾ ಗಂಡನ ಹೆಸರು, ವಿಳಾಸ ಮತ್ತು ಬದಲಾವಣೆಯ ಕಾರಣ ಬರೆಸಿ ಅಫಿಡವಿಟ್ ಮಾಡಿಸಬೇಕು. ಅನಂತರ ಒಂದು ಕನ್ನಡ, ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಪ್ರಕಟವಾದ ಪುಟವನ್ನು ಕತ್ತರಿಸದೆ ಇಡಿಯಾಗಿ ತೆಗೆದಿಡಿ. ಪತ್ರಿಕೆಯ ಹೆಸರೂ ದಿನಾಂಕವೂ ಕಾಣದ ತುಣುಕಿಗೆ ಬೆಲೆಯಿಲ್ಲ. ಕೊನೆಯದು ಭಾರತ ಸರ್ಕಾರದ ಗೆಜೆಟ್. ದೆಹಲಿಯ ಸಿವಿಲ್ ಲೈನ್ಸ್‌ನಲ್ಲಿರುವ ಪ್ರಕಟಣಾ ಇಲಾಖೆಯ ನಿಯಂತ್ರಕರಿಗೆ, ಇಬ್ಬರು ಸಾಕ್ಷಿಗಳ ಸಹಿಯುಳ್ಳ ನಿಗದಿತ ನಮೂನೆಯನ್ನು ಅಫಿಡವಿಟ್, ಪತ್ರಿಕೆ, ಗುರುತಿನ ಚೀಟಿ, ಭಾವಚಿತ್ರ, ಶುಲ್ಕಗಳೊಂದಿಗೆ ಸಲ್ಲಿಸಿದರೆ, ಪ್ರಕಟಣೆ ಗೆಜೆಟ್‌ನ ನಾಲ್ಕನೆಯ ಭಾಗದಲ್ಲಿ ಬರುತ್ತದೆ. 2015ರಿಂದ ಗೆಜೆಟ್ ಅಂತರ್ಜಾಲದಲ್ಲೇ ಪ್ರಕಟವಾಗುತ್ತಿರುವುದರಿಂದ ಪ್ರತಿಯನ್ನು ತಾವೇ ಇಳಿಸಿಕೊಳ್ಳಬಹುದು. ಹೊಸ ಹೆಸರಿನ ಇಂಗ್ಲಿಷ್ ಕಾಗುಣಿತ ಮೂರೂ ಕಡೆ ಅಕ್ಷರಶಃ ಒಂದೇ ಆಗಿರಲಿ. ವಿಳಾಸದಲ್ಲಿ ಜಿಲ್ಲೆಯ ಹೆಸರು ಹಳೆಯ ಕಾಗದಗಳಲ್ಲಿ ‘ಟುಮ್ಕೂರ್’ ಎಂದಿದ್ದರೆ ಅದಕ್ಕೆ ಗಾಬರಿ ಬೇಡ. ನಮ್ಮ ಊರೂ 2014ರ ನವೆಂಬರ್ 1ರಂದೇ ತನ್ನ ಹೆಸರನ್ನು ಅಧಿಕೃತವಾಗಿ ಬದಲಿಸಿಕೊಂಡಿದೆ.

ಇನ್ನು ಅಂಕಪಟ್ಟಿ. ಅಲ್ಲಿ ಬರವಣಿಗೆಯ ತಪ್ಪಿದ್ದರೆ ಶಾಲೆಯ ದಾಖಲಾತಿ ಪುಸ್ತಕದ ಆಧಾರದ ಮೇಲೆ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ತಿದ್ದುಪಡಿ ಕೋರಬಹುದು. ಆದರೆ ಸರಿಯಾಗಿಯೇ ಬರೆದಿದ್ದ ಹೆಸರನ್ನು ಈಗ ಬೇರೆ ಮಾಡಿರೆಂದರೆ ಅದು ತಪ್ಪಿನ ತಿದ್ದುಪಡಿ ಎನಿಸುವುದಿಲ್ಲ. ಆಗ ಹಿಡಿಯುವ ದಾರಿ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 34ನೇ ಕಲಮಿನಡಿ ಸಿವಿಲ್ ನ್ಯಾಯಾಲಯದಲ್ಲಿ ಘೋಷಣಾ ದಾವೆ, ಎಂದರೆ ಹೊಸ ಹೆಸರು ತಮ್ಮದೇ ಎಂದು ನ್ಯಾಯಾಲಯವೇ ಸಾರಬೇಕೆಂದು ಕೋರುವ ಮೊಕದ್ದಮೆ. ಸರ್ಕಾರವೂ ಪ್ರತಿವಾದಿಯಾಗುವುದಾದರೆ, ತುರ್ತು ಪರಿಹಾರಕ್ಕಾಗಿ ನ್ಯಾಯಾಲಯದ ಅನುಮತಿ ಪಡೆದ ಸಂದರ್ಭ ಬಿಟ್ಟು, ಎರಡು ತಿಂಗಳು ಮುಂಚಿತವಾಗಿ ನೋಟಿಸ್ ಕೊಡಬೇಕು. ಹೆಸರು ಸಂವಿಧಾನದ 19ನೇ ವಿಧಿಯಡಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ 2021ರಲ್ಲಿ, ಸಿಬಿಎಸ್‌ಇ ಪ್ರಮಾಣಪತ್ರಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ಹೇಳಿದೆ; ವಾದಕ್ಕೆ ಅದು ಒಳ್ಳೆಯ ಬಲ. ಆದರೂ ಅಂಕಪಟ್ಟಿಯನ್ನು ಹಳೆಯ ಹೆಸರಿನಲ್ಲೇ ಬಿಟ್ಟು, ಕೇಳಿದ ಕಡೆಯಲ್ಲೆಲ್ಲ ಅದರ ಜೊತೆಗೆ ಗೆಜೆಟ್ ಪ್ರತಿಯನ್ನು ಲಗತ್ತಿಸುವುದೇ ಲೇಸೆಂಬುದು ನನ್ನ ಅಭಿಪ್ರಾಯ. ದಾವೆಯ ಖರ್ಚು ಮತ್ತು ಕಾಲ ನೋಡಿದರೆ, ಶುಲ್ಕ ಪಡೆಯುವ ವಕೀಲನಾಗಿಯೂ ನಾನು ಅದನ್ನೇ ಹೇಳುತ್ತೇನೆ.

ಗೆಜೆಟ್ ಕೈಗೆ ಬಂದ ಮೇಲೆ ಮೊದಲು ಆಧಾರ್ ಬದಲಿಸಿ. ಅಲ್ಲಿ ಹೆಸರಿನ ಬದಲಾವಣೆಗೆ ಸಾಮಾನ್ಯವಾಗಿ ಜೀವಮಾನದಲ್ಲಿ ಎರಡೇ ಅವಕಾಶವಿರುವುದರಿಂದ, ಸದ್ಯಕ್ಕೊಂದು ತಾತ್ಕಾಲಿಕ ತಿದ್ದುಪಡಿ ಮಾಡಿಸೋಣವೆಂದು ಅದನ್ನು ಕಳೆದುಕೊಳ್ಳಬೇಡಿ. ಆಮೇಲೆ ಪ್ಯಾನ್, ಬ್ಯಾಂಕ್, ಮತದಾರರ ಪಟ್ಟಿಗೆ ನಮೂನೆ 8, ಪಾಸ್‌ಪೋರ್ಟ್. ತಮ್ಮ ಹೆಸರಿನಲ್ಲಿ ಜಮೀನಿದ್ದರೆ ಪಹಣಿಯ ತಿದ್ದುಪಡಿಗೆ ತಾಲ್ಲೂಕು ಕಚೇರಿಗೆ ಪ್ರತ್ಯೇಕ ಅರ್ಜಿ ಕೊಡಬೇಕು. ಆಧಾರ್ ಬದಲಾದ ಮಾತ್ರಕ್ಕೆ ಪಹಣಿ ತಾನಾಗಿ ಬದಲಾಗುವುದಿಲ್ಲ, ಮಾರುವ ಅಥವಾ ಸಾಲ ತೆಗೆಯುವ ದಿನವೇ ಅದು ಬೆಳಕಿಗೆ ಬರುತ್ತದೆ.