ಕೊನೆಯ ದಿನ ಒಬ್ಬನೇ, ಗಡಿಯಾರದ ಎದುರು

ಪ್ರಶ್ನೆ: ನಾನು ಪೆರ್ಲದ ಕಡೆಯ ಅಡಿಕೆ ಕೃಷಿಕ. ತೋಟಕ್ಕೆ ಮದ್ದು ಬಿಟ್ಟು ಬಂದು ಸಂಜೆ ಮಗಳ ಜೊತೆ ಮೊಬೈಲಿನಲ್ಲಿ ಟೂರ್ ಡೆ ಫ್ರಾನ್ಸ್ ನೋಡುವ ಅಭ್ಯಾಸ ಹತ್ತಿದೆ. ಮೂರು ವಾರ ಎಲ್ಲರೂ ಹಿಂಡಾಗಿ ಸೈಕಲ್ ಓಡಿಸುತ್ತಾರೆ. ಮುಗಿಯುವ ಹೊತ್ತಿಗೆ ಒಬ್ಬೊಬ್ಬರನ್ನೇ ಬಿಟ್ಟು ಸಮಯ ನೋಡುತ್ತಾರೆ. ಅಷ್ಟು ದಿನ ಮುಂದಿದ್ದವನು ಒಂದೇ ಗಂಟೆಯಲ್ಲಿ ಸೋತುಹೋಗುವುದು ಅನ್ಯಾಯ ಅಲ್ಲವೇ?

ಉತ್ತರ: ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. 2020ರ ಸೆಪ್ಟೆಂಬರ್ 19ರಂದು ನನಗೂ ರಾತ್ರಿ ಊಟ ಸೇರಲಿಲ್ಲ. ಕೋವಿಡ್‌ನಿಂದಾಗಿ ಆ ವರ್ಷ ಟೂರ್ ಸೆಪ್ಟೆಂಬರಿಗೆ ಹೋಗಿತ್ತು. 20ನೇ ಹಂತ (ಒಂದು ದಿನದ ಓಟವೇ ಒಂದು ಹಂತ), 36.2 ಕಿ.ಮೀ. ಟೈಮ್ ಟ್ರಯಲ್, ಅಂದರೆ ನೀವು ಹೇಳಿದ ಒಬ್ಬೊಬ್ಬರನ್ನೇ ಬಿಟ್ಟು ಸಮಯ ನೋಡುವ ಓಟ, ಕೊನೆಗೆ ಲಾ ಪ್ಲಾಂಶ್ ದೆ ಬೆಲ್ ಫಿಯ್ ಎಂಬ ಗುಡ್ಡದ ಏರು. ಒಟ್ಟು ಸಮಯದಲ್ಲಿ ಮುಂದಿರುವವನಿಗೆ ಸಿಗುವ ಹಳದಿ ಅಂಗಿ ತೊಟ್ಟಿದ್ದ ಪ್ರಿಮೋಜ್ ರೋಗ್ಲಿಚ್ 57 ಸೆಕೆಂಡು ಮುಂದಿದ್ದರು. ಅವರದೇ ದೇಶವಾದ ಸ್ಲೊವೇನಿಯದ, ಇನ್ನೂ 22 ತುಂಬದ ತಾಡೆ ಪೊಗಾಚರ್ ಅಂದು ಅವರಿಗಿಂತ 1 ನಿಮಿಷ 56 ಸೆಕೆಂಡು ಬೇಗ ಗುರಿ ಮುಟ್ಟಿದರು. 87 ಗಂಟೆ ಮೀರಿದ ಓಟ 59 ಸೆಕೆಂಡಿನಲ್ಲಿ ತೀರ್ಮಾನವಾಯಿತು. ಏರಿನಲ್ಲಿ ರೋಗ್ಲಿಚ್ ಅವರ ಹೆಲ್ಮೆಟ್ ಹಣೆಯ ಮೇಲೆ ವಾರೆಯಾಗಿತ್ತು. ಅದನ್ನು ಸರಿಮಾಡಿಕೊಳ್ಳುವಷ್ಟು ಪರಿವೆಯೂ ಅವರಿಗೆ ಉಳಿದಿರಲಿಲ್ಲ.

ಆದರೂ ಅದು ಅನ್ಯಾಯ ಎಂದು ನಾನು ಹೇಳಲಾರೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಸವಾರನನ್ನು ತಡೆಯುವ ಬಲದಲ್ಲಿ ಹತ್ತರಲ್ಲಿ ಹೆಚ್ಚುಕಡಿಮೆ ಒಂಬತ್ತು ಪಾಲು ಗಾಳಿಯದ್ದೇ. ಇನ್ನೊಬ್ಬನ ಬೆನ್ನಿಗೆ ಅಂಟಿಕೊಂಡು ಹೋದರೆ ಮೂರನೇ ಒಂದರಷ್ಟು ಶಕ್ತಿ ಉಳಿತಾಯವಾಗುತ್ತದೆ. ಹಳದಿ ಅಂಗಿಯವನು ದಿನವೂ ತನ್ನ ತಂಡದವರ ಮರೆಯಲ್ಲೇ ಹೋಗುತ್ತಾನೆ. ಗಾಳಿಗೆ ಎದೆಯೊಡ್ಡುವವರು, ನೀರು ತಂದುಕೊಡುವವರು, ಪಂಕ್ಚರ್ ಆದರೆ ತಮ್ಮ ಚಕ್ರವನ್ನೇ ಬಿಚ್ಚಿಕೊಡುವವರು ಅವರೇ. ಹಾಗಿರುವಾಗ ಮೂರು ವಾರದಲ್ಲಿ ಒಂದೆರಡು ದಿನವಾದರೂ ಯಾರ ಮರೆಯೂ ಇಲ್ಲದೆ ಅವನನ್ನು ನೋಡಬೇಡವೇ? ಫ್ರೆಂಚರು ಈ ಸ್ಪರ್ಧೆಗೆ ಇಟ್ಟ ಹೆಸರಿನ ಅರ್ಥವೇ ‘ಗಡಿಯಾರದ ವಿರುದ್ಧ’ ಎಂದು.

ಮೊದಲ ವಾರದ ಟೈಮ್ ಟ್ರಯಲ್‌ನಲ್ಲಿ ಹೆಚ್ಚಾಗಿ ಆ ವಿದ್ಯೆಯಲ್ಲಿ ಪಳಗಿದವರೇ ಗೆಲ್ಲುತ್ತಾರೆ. ಮೂರನೇ ವಾರದ್ದು ಹಾಗಲ್ಲ. ಅಷ್ಟರಲ್ಲಿ ಎಷ್ಟು ತುಳಿದರೂ ಹೃದಯದ ಬಡಿತ ಮೊದಲ ದಿನಗಳಷ್ಟು ಮೇಲೇರುವುದಿಲ್ಲ. ಯಾರು ಚೆನ್ನಾಗಿ ತಿಂದು, ಮಲಗಿ, ಏರುಗಳಲ್ಲಿ ಲೆಕ್ಕ ಹಾಕಿ ಖರ್ಚು ಮಾಡಿದ್ದಾರೋ ಅವರ ಕಾಲಲ್ಲಿ ಅಂದು ಜೀವ ಇರುತ್ತದೆ.

ಕೊನೆಯ ಸ್ಥಾನದಲ್ಲಿರುವವನು ಮೊದಲು ಹೊರಡುತ್ತಾನೆ, ಮುಂದಿರುವವನು ಕೊನೆಗೆ. ಸಣ್ಣ ಇಳಿಜಾರು ಕಟ್ಟೆಯ ಮೇಲೆ ಒಬ್ಬರು ಸೀಟನ್ನು ಹಿಂದಿನಿಂದ ಹಿಡಿದು ನಿಂತಿರುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಐದು ಬೆರಳು ಬಿಚ್ಚಿ ಒಂದೊಂದಾಗಿ ಮಡಚುತ್ತಾರೆ. ಮುಂದಿನ ಸಲ ಆ ಐದು ಸೆಕೆಂಡು ಸವಾರನ ಮುಖ ನೋಡಿ.

ಪ್ರಶ್ನೆ: ನನ್ನ ಮಗ ಪ್ಲಸ್ ಟುವಿನಲ್ಲಿದ್ದಾನೆ. 20 ಕಿ.ಮೀ. ಟೈಮ್ ಟ್ರಯಲ್‌ಗೆಂದು ಸಂಜೆ ನಾಲ್ಕಕ್ಕೆ ಉಪ್ಪಳದಿಂದ ಕುಂಬಳೆ ಕಡೆಗೆ ಹತ್ತು ಕಿ.ಮೀ. ಹೋಗಿ ತಿರುಗಿ ಬರುತ್ತಾನೆ. ಹೋಗಲಿಕ್ಕೆ 15 ನಿಮಿಷ, ಬರಲಿಕ್ಕೆ 20. ಬರುವಾಗ ಸುಸ್ತಾಗುತ್ತದೆ, ದುಬಾರಿ ಸೈಕಲ್ ಬೇಕು ಎನ್ನುತ್ತಾನೆ. ಕೊಡಿಸಬೇಕೇ? (ಉಪ್ಪಳದಿಂದ ಒಬ್ಬ ತಾಯಿ)

ಉತ್ತರ: ಈಗಲೇ ಕೊಡಿಸಬೇಡಿ ಅಮ್ಮಾ. ಮೊದಲು ಒಂದು ಮಾತು: ಹೆದ್ದಾರಿಯ ಮುಖ್ಯ ರಸ್ತೆಗೆ ಅವನನ್ನು ಬಿಡಲೇಬೇಡಿ. ತಲೆ ತಗ್ಗಿಸಿ ತುಳಿಯುವ ಹುಡುಗನಿಗೆ ಹಿಂದಿನ ಲಾರಿಯೂ ಕಾಣುವುದಿಲ್ಲ, ಮುಂದಿನ ಹೊಂಡವೂ ಕಾಣುವುದಿಲ್ಲ. ಬೆಳಿಗ್ಗೆ ಆರಕ್ಕೆ, ವಾಹನ ಕಡಿಮೆ ಇರುವ ಒಳರಸ್ತೆಯಲ್ಲಿ ಅಭ್ಯಾಸ ಮಾಡಲಿ. ಕಡಲ ಗಾಳಿಯೂ ಆಗ ಎದ್ದಿರುವುದಿಲ್ಲ.

ಅವನ ಕಷ್ಟದಲ್ಲಿ ಅರ್ಧ ಆ ಗಾಳಿಯದ್ದೇ. ಮಳೆ ಇಲ್ಲದ ತಿಂಗಳುಗಳಲ್ಲಿ ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ತೆಂಕು ಮುಖವಾಗಿ ಹೋಗುವಾಗ ಅದು ಬೆನ್ನು ತಳ್ಳುತ್ತದೆ, ಬಡಗು ಮುಖವಾಗಿ ಬರುವಾಗ ಮುಖಕ್ಕೇ ಹೊಡೆಯುತ್ತದೆ. ಹೋಗುವಾಗಿನ ವೇಗ ತನ್ನದೇ ಎಂದುಕೊಂಡು ಹುಡುಗ ಇನ್ನೂ ಜೋರಾಗಿ ತುಳಿಯುತ್ತಾನೆ, ಬರುವಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಅವನನ್ನು ಕೂರಿಸಿ ಈ ಲೆಕ್ಕ ಮಾಡಿಸಿ. ಹೋಗುವಾಗ ವೇಗ ಗಂಟೆಗೆ 40, ಬರುವಾಗ 30. ಹೋಗುವಾಗ 40ನ್ನು 42 ಮಾಡಿದರೆ ಉಳಿಯುವುದು 43 ಸೆಕೆಂಡು. ಅದರ ಬದಲು ಬರುವಾಗ 30ನ್ನು 32 ಮಾಡಿದರೆ 75 ಸೆಕೆಂಡು. ನಿಧಾನವಾಗುವ ಕಡೆಯೇ ಹೊತ್ತು ಹೆಚ್ಚು ಹೋಗುವುದು, ಹಾಗಾಗಿ ಹೊತ್ತು ಉಳಿಸಲು ಜಾಗ ಇರುವುದೂ ಅಲ್ಲೇ. ಇನ್ನೊಂದು: ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ನೂರಕ್ಕೆ ಹತ್ತು ಹೆಚ್ಚಾಗಬೇಕಾದರೆ ಶಕ್ತಿ ನೂರಕ್ಕೆ 33 ಹೆಚ್ಚು ಬೇಕು. ಏರಿನಲ್ಲಿ, ಎದುರುಗಾಳಿಯಲ್ಲಿ ಸ್ವಲ್ಪ ಹೆಚ್ಚು ತುಳಿ, ಇಳಿಜಾರಿನಲ್ಲಿ, ಹಿಂಗಾಳಿಯಲ್ಲಿ ಕಾಲಿಗೆ ಸ್ವಲ್ಪ ಬಿಡುವು ಕೊಡು ಎಂದು ತರಬೇತಿದಾರರು ಹೇಳುವುದು ಇದಕ್ಕೇ.

ಮೊದಲ ಐದು ನಿಮಿಷ ‘ಇಷ್ಟು ಸಲೀಸಾದರೆ ಹೇಗೆ’ ಎಂದು ಅವನಿಗೇ ಅನುಮಾನ ಬರಬೇಕು. ಹಾಗಾದರೆ ಸರಿಯಾಗಿ ಹೊರಟಿದ್ದಾನೆ ಎಂದರ್ಥ. ನಿಮ್ಮೂರಿನ ಹುಡುಗನಿಗೆ ಯಕ್ಷಗಾನದ ಮಾತಿನಲ್ಲಿ ಹೇಳಿದರೆ ಬೇಗ ಅರ್ಥವಾದೀತು: ಒಡ್ಡೋಲಗದಲ್ಲೇ ಇದ್ದಬದ್ದ ಧಿಗಿಣ ಹೊಡೆದು ಮುಗಿಸಿದ ವೇಷಧಾರಿ ಬೆಳಗಿನ ಜಾವದ ಯುದ್ಧದ ಪದ್ಯಕ್ಕೆ ಏನು ಕುಣಿದಾನು?

ಸಲಕರಣೆಯಿಂದ ಪ್ರಯೋಜನವೇ ಇಲ್ಲ ಎಂದಲ್ಲ. 1989ರ ಟೂರ್‌ನ ಕೊನೆಯ ದಿನ ವರ್ಸೈಯಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್. ಮುಂದಿದ್ದ ಲೊರಾಂ ಫಿನ್ಯೋನ್‌ಗಿಂತ ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದಿದ್ದರು. ಮೊಣಕೈ ಊರಿ ಮುಂದಕ್ಕೆ ಬಾಗುವ ಹ್ಯಾಂಡಲ್, ಗಾಳಿ ಜಾರುವ ಹೆಲ್ಮೆಟ್ ಹಾಕಿಕೊಂಡು ಹೊರಟರು. ಫಿನ್ಯೋನ್ ಹೆಲ್ಮೆಟ್ ಇಲ್ಲದೆ, ಜುಟ್ಟು ಹಾರಿಸಿಕೊಂಡು ಹೋದರು. ಲೆಮಾಂಡ್ ಟೂರ್ ಗೆದ್ದದ್ದು 8 ಸೆಕೆಂಡಿನಲ್ಲಿ. ಆದರೆ ಅವರಿಗೆ ಲಾಭವಾದದ್ದು ಮುಖ್ಯವಾಗಿ ಮೈ ಕಿರಿದಾದದ್ದರಿಂದ. ಅದು ನಿಮ್ಮ ಮಗನಿಗೆ ಪುಕ್ಕಟೆಯಾಗಿ ಸಿಗುತ್ತದೆ. ಮೊಣಕೈ ಒಳಗೆ, ತಲೆ ಭುಜಗಳ ನಡುವೆ, ಮೈಗೆ ಅಂಟಿದ ಅಂಗಿ. ಜೊತೆಗೆ ಚೈನು ತೊಳೆದು ಎಣ್ಣೆ ಹಾಕಲಿ, ಟಯರಿನ ಗಾಳಿ ನೋಡಿಕೊಳ್ಳಲಿ. ಒಂದು ವರ್ಷ ಹೀಗೆ ಓಡಿಸಿದ ಮೇಲೂ ಆಸೆ ಉಳಿದಿದ್ದರೆ ಆಗ ಸೈಕಲಿನ ಮಾತು.

ಇನ್ನೊಂದು ವಿಷಯ ಅವನಿಗೆ ಹೇಳಲೇಬೇಕು. ಅಂದು ಫಿನ್ಯೋನ್ ಕೆಟ್ಟದಾಗಿ ಓಡಿಸಿರಲಿಲ್ಲ. ಸೀಟಿಗೆ ಉಜ್ಜಿ ಹುಣ್ಣಾಗಿ ಕೂರಲಾರದ ಸ್ಥಿತಿಯಲ್ಲಿದ್ದರು, ಆದರೂ ಆ ದಿನದ ಮೂರನೇ ಅತಿ ವೇಗದ ಸವಾರ ಅವರೇ.

ಪ್ರಶ್ನೆ: ಹಿಂದಿನಿಂದ ಬಂದವನು ದಾಟಿ ಹೋದರೆ ಅವನ ಬೆನ್ನು ಹಿಡಿಯಬಹುದೇ? ಮಧ್ಯದಲ್ಲಿ ಚೈನು ಬಿದ್ದರೆ ಗಡಿಯಾರ ನಿಲ್ಲಿಸುತ್ತಾರೆಯೇ? (ಹೊಸಂಗಡಿಯ ಓದುಗರು)

ಉತ್ತರ: ಎರಡೂ ಇಲ್ಲ. ದಾಟುವಾಗ ಪಕ್ಕಕ್ಕೆ ಎರಡು ಮೀಟರ್ ಅಂತರ ಇರಬೇಕು, ದಾಟಿಸಿಕೊಂಡವನು 25 ಮೀಟರ್ ಹಿಂದೆ ಉಳಿಯಬೇಕು. ತಪ್ಪಿದರೆ ದಂಡವಾಗಿ ಸಮಯ ಸೇರಿಸುತ್ತಾರೆ.

ಚೈನಿಗೆ ಉದಾಹರಣೆ 2023ರ ಜಿರೊ ದಿ ಇಟಾಲಿಯಾದ್ದು (ಟೂರ್‌ನಂಥದೇ ಇಟಲಿಯ ಓಟ), ಅದೂ 20ನೇ ಹಂತ, ಮೊಂತೆ ಲುಸ್ಸಾರಿ ಬೆಟ್ಟ. ಕೊನೆಯ ಏಳು ಕಿಲೋಮೀಟರಿನಲ್ಲಿ ಏರು ಸರಾಸರಿ ನೂರು ಮೀಟರಿಗೆ ಹನ್ನೆರಡು ಮೀಟರ್. ಗೆರೈಂಟ್ ಥಾಮಸ್ 26 ಸೆಕೆಂಡು ಮುಂದಿದ್ದರು. ಬೆನ್ನಟ್ಟುತ್ತಿದ್ದವರು ಮೇಲೆ ಹೇಳಿದ ರೋಗ್ಲಿಚ್ ಅವರೇ. ಆ ಬೆಟ್ಟ ಸ್ಲೊವೇನಿಯದ ಗಡಿಗೆ ತಾಗಿಕೊಂಡಂತಿದೆ, ನಮಗೆ ತಲಪಾಡಿ ಇದ್ದ ಹಾಗೆ. ಅವರ ಊರಿನ ಜನ ಗಡಿ ದಾಟಿ ಬಂದು ರಸ್ತೆಯ ಎರಡೂ ಬದಿ ತುಂಬಿದ್ದರು. ಏರಿನಲ್ಲಿ ರೋಗ್ಲಿಚ್ ಅವರ ಚೈನು ಕಳಚಿತು. ಇಳಿದು, ಸರಿಮಾಡಿ ಹತ್ತಿದರೆ ಆ ಕಡಿದಾದ ಜಾಗದಲ್ಲಿ ಸೈಕಲ್ ಮುಂದೆ ಹೋಗದು. ಹಿಂದೆ ಅವರ ಜೊತೆ ಸ್ಕೀ ಜಂಪಿಂಗ್ ತಂಡದಲ್ಲಿದ್ದವರೊಬ್ಬರು ಆ ಜನರ ನಡುವೆ ಇದ್ದರು. ಅವರೇ ಓಡಿಬಂದು ಬೆನ್ನಿಗೆ ಕೈಕೊಟ್ಟು ತಳ್ಳಿದರು. ಗಡಿಯಾರ ಓಡುತ್ತಲೇ ಇತ್ತು. ಅಂದು ಥಾಮಸ್‌ಗಿಂತ 40 ಸೆಕೆಂಡು ಬೇಗ ಮೇಲೆ ತಲುಪಿದ ರೋಗ್ಲಿಚ್, ಜಿರೊವನ್ನು 14 ಸೆಕೆಂಡಿನಿಂದ ಗೆದ್ದರು.