ಆರು ನಳಿಗೆಯ ಮೈಕ್ರೋಗನ್ ಹೆಲಿಕಾಪ್ಟರ್ ಏರದೇ ಉಳಿದದ್ದು ಯಾಕೆ?

ಪ್ರಶ್ನೆ: ಅಮೆರಿಕದವರು ಹೆಲಿಕಾಪ್ಟರಿಗೆಂದು ‘ಎಕ್ಸ್‌ಎಂ214 ಮೈಕ್ರೋಗನ್’ ಎಂಬ ಮೆಷಿನ್ ಗನ್ ತಯಾರಿಸಿ, ಕೊನೆಗೆ ಸೇನೆಗೆ ಸೇರಿಸಲೇ ಇಲ್ಲವಂತೆ. ನಿಮಿಷಕ್ಕೆ ಸಾವಿರಾರು ಗುಂಡು ಹಾರಿಸುವ ಕೋವಿಯನ್ನು ಬಿಟ್ಟದ್ದೇಕೆ?
– ಓದುಗರು, ಬದಿಯಡ್ಕ

ಉತ್ತರ: ಅದರ ಹೆಸರಿನಲ್ಲಿರುವ ‘ಎಕ್ಸ್’ ಪ್ರಯೋಗದ ಹಂತದ ಗುರುತು. ಆ ಅಕ್ಷರ ಕಳಚುವ ದಿನ ಅದಕ್ಕೆ ಬರಲಿಲ್ಲ. ಕಾರಣ ತಿಳಿಯಬೇಕಾದರೆ ಅದರ ಅಣ್ಣನಿಂದ ಶುರು ಮಾಡಬೇಕು.

1960ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿ ‘ಎಂ134 ಮಿನಿಗನ್’ ತಯಾರಿಸಿತು. ವಿಮಾನಗಳ 20 ಮಿ.ಮೀ. ವಲ್ಕನ್ ಫಿರಂಗಿಯನ್ನು 7.62 ಮಿ.ಮೀ. ತೋಟೆಗೆ ಕುಗ್ಗಿಸಿದ್ದರಿಂದ ‘ಮಿನಿ’ ಎಂಬ ಹೆಸರು. ಮೂಲ ಉಪಾಯ ರಿಚರ್ಡ್ ಗ್ಯಾಟ್ಲಿಂಗ್ 1862ರಲ್ಲಿ ಪೇಟೆಂಟ್ ಪಡೆದದ್ದೇ. ಕೈಯಲ್ಲಿ ತಿರುಗಿಸುವ ಹಿಡಿಯ ಜಾಗದಲ್ಲಿ ವಿದ್ಯುತ್ ಮೋಟಾರು ಬಂತು. ಆರು ನಳಿಗೆಗಳಿಗೂ ಒಂದೊಂದು ಬೋಲ್ಟು, ಅಂದರೆ ತೋಟೆಯನ್ನು ಒಳಗೆ ತಳ್ಳಿ ನಳಿಗೆಯ ಹಿಂಬಾಯಿ ಮುಚ್ಚುವ ಸರಿಯುವ ತುಂಡು. ಹೊರಕವಚದ ಒಳಮೈಯಲ್ಲಿ ಓರೆಯಾಗಿ ಕೊರೆದ ಕಾಲುವೆಯಂಥ ಜಾಡು ಇದೆ. ನಳಿಗೆಗಳ ಕಟ್ಟು ತಿರುಗಿದಂತೆ ಬೋಲ್ಟುಗಳು ಆ ಜಾಡಿನಲ್ಲೇ ಹಿಂದೆ ಮುಂದೆ ಸರಿಯುತ್ತವೆ. ಒಂದು ಸುತ್ತು ಮುಗಿಯುವುದರೊಳಗೆ ಪ್ರತಿ ಬೋಲ್ಟೂ ತೋಟೆ ಹಿಡಿದು, ಒಳಗೆ ತಳ್ಳಿ, ಬೀಗ ಬಿಗಿದು, ಸಿಡಿಸಿ, ಖಾಲಿ ಕೊಳವೆಯನ್ನು ಹೊರಗೆಸೆದಿರುತ್ತದೆ. ನಿಮಿಷಕ್ಕೆ 6000 ಗುಂಡು ಹಾರಿದರೂ ಒಂದೊಂದು ನಳಿಗೆಯ ಪಾಲಿಗೆ ಬರುವುದು 1000 ಮಾತ್ರ. ಶಾಖವೂ ಆರು ಪಾಲಾಗುತ್ತದೆ.

ಇದನ್ನೇ ಇನ್ನೂ ಕುಗ್ಗಿಸಿ, ರೈಫಲಿನ 5.56 ಮಿ.ಮೀ. ತೋಟೆಗೆ ಹೊಂದಿಸಿದ್ದು ಮೈಕ್ರೋಗನ್. ಲೆಕ್ಕದಲ್ಲಿ ಲಾಭವೇ ಕಾಣುತ್ತದೆ. ಮಿನಿಗನ್ ತೂಕ ಸುಮಾರು 39 ಕಿಲೋ, ಇದು ಅದರ ಅರ್ಧಕ್ಕಿಂತ ಕಡಿಮೆ. 7.62ರ ತೋಟೆ ಒಂದಕ್ಕೆ ಸುಮಾರು 24 ಗ್ರಾಂ, 5.56ರದ್ದು ಸುಮಾರು 12. ಅಂದರೆ 1500 ತೋಟೆಗೆ 36 ಕಿಲೋ ಹೊರಬೇಕಾದಲ್ಲಿ 18 ಸಾಕು. ಹಿಮ್ಮೆಟ್ಟುವ ಒದೆತವೂ ಕಡಿಮೆ. 9.5 ಗ್ರಾಮಿನ ಗುಂಡು ಸೆಕೆಂಡಿಗೆ 840 ಮೀಟರಿನಂತೆ, ಸೆಕೆಂಡಿಗೆ ನೂರು ಹೊರಟರೆ ಗುಂಡುಗಳ ಒದೆತವೇ ಸುಮಾರು 80 ಕಿಲೋ ತೂಕದಷ್ಟು. ಮದ್ದಿನ ಅನಿಲದ ತಳ್ಳು ಬೇರೆ. ಚಿಕ್ಕ ಗುಂಡಿಗೆ 3.6 ಗ್ರಾಂ ಮತ್ತು 990 ಮೀಟರ್ ಹಿಡಿದರೆ ಅದು 36 ಕಿಲೋಗೆ ಇಳಿಯುತ್ತದೆ.

ಹಾಗಿದ್ದರೆ ಸೋತದ್ದೆಲ್ಲಿ? ನಮ್ಮ ಅಭಿಪ್ರಾಯದಲ್ಲಿ ಸೋತದ್ದು ಗುಂಡು, ಯಂತ್ರವಲ್ಲ. ಹಾರುತ್ತಿರುವ ಹೆಲಿಕಾಪ್ಟರ್ ಗುರಿಗೆ ಹತ್ತಿರ ಹೋದಷ್ಟೂ ತಾನೇ ಗುರಿಯಾಗುತ್ತದೆ. ಅದಕ್ಕೆ ಸಾವಿರ ಮೀಟರ್ ಆಚೆಗೂ ಬಲ ಉಳಿಸಿಕೊಳ್ಳುವ ಗುಂಡು ಬೇಕು. ಹಗುರ ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ, ಮರಗಿಡಗಳ ಮರೆಯನ್ನು ಭೇದಿಸುವ ಶಕ್ತಿಯೂ ಕಡಿಮೆ. ಮಿನಿಗನ್ನನ್ನೇ ಹೊರಬಲ್ಲ ಹ್ಯೂಯಿಯಂಥ ಹೆಲಿಕಾಪ್ಟರಿಗೆ ಸುಮಾರು ನಲವತ್ತು ಕಿಲೋ ಉಳಿಸಿ ವ್ಯಾಪ್ತಿ ಕಳೆದುಕೊಳ್ಳುವುದು ನಷ್ಟದ ವ್ಯಾಪಾರ. ಮುಂದೆ ಇದೇ ಕೋವಿಯನ್ನು 1000 ತೋಟೆ ಮತ್ತು ಬ್ಯಾಟರಿಯ ಸಮೇತ ನೆಲದ ಮೇಲೆ ಬಳಸಲು ‘ಸಿಕ್ಸ್-ಪಾಕ್’ ಎಂಬ ರೂಪದಲ್ಲಿ ತಂದರು. ಅದೂ ನೆಲೆಯೂರಲಿಲ್ಲ.

ಪ್ರಶ್ನೆ: ಇಂಥ ವೇಗದ ಕೋವಿ ಕೆಟ್ಟು ನಿಲ್ಲುವುದು ಎಲ್ಲಿ?
– ಓದುಗರು, ಮುಳ್ಳೇರಿಯ

ಉತ್ತರ: ಹೆಚ್ಚಾಗಿ ತೋಟೆ ಒಳಬರುವ ಹಾದಿಯಲ್ಲಿ. ಅಡಿಕೆ ಸುಲಿಯುವ ಯಂತ್ರ ಇಟ್ಟುಕೊಂಡವರಿಗೆ ಇದು ಸುಲಭವಾಗಿ ಅರ್ಥವಾದೀತು: ಬ್ಲೇಡು ಎಷ್ಟೇ ರಭಸದಲ್ಲಿ ತಿರುಗಲಿ, ಅಡಿಕೆ ಸರದಿಯಲ್ಲಿ ಬೀಳದಿದ್ದರೆ ಕೆಲಸ ಕೆಟ್ಟಿತು. ನಿಮಿಷಕ್ಕೆ 6000ದ ವೇಗದಲ್ಲಿ ಸೆಕೆಂಡಿಗೆ ಒಂದು ಮೀಟರಿಗಿಂತ ಉದ್ದದ ತೋಟೆಪಟ್ಟಿ ಒಳನುಗ್ಗಬೇಕು. ನಿಂತಲ್ಲಿಂದ ಅದನ್ನು ಅರ್ಧ ಸೆಕೆಂಡಿನೊಳಗೆ ಆ ವೇಗಕ್ಕೆ ಎಳೆದಾಗ ಕೊಂಡಿ ಬಾಗಬಹುದು, ತುಂಡಾಗಬಹುದು. ಪೆಟ್ಟಿಗೆಯಿಂದ ಪಟ್ಟಿ ಸಾಗಿ ಬರುವ ಬಳುಕುವ ಕೊಳವೆ ತಿರುಚಿಕೊಂಡರೆ ಸಿಕ್ಕಿಬೀಳುತ್ತದೆ.

ಸಿಡಿಯದ ತೋಟೆಯಿಂದ ಈ ಕೋವಿ ನಿಲ್ಲುವುದಿಲ್ಲ. ಮೋಟಾರು ತಿರುಗುತ್ತಲೇ ಇರುವುದರಿಂದ ಅದನ್ನು ಹೊರಗೆಸೆದು ಮುಂದೆ ಹೋಗುತ್ತದೆ. ತಡವಾಗಿ ಸಿಡಿಯುವ ತೋಟೆಯೇ ನಿಜವಾದ ಅಪಾಯ. ಬೋಲ್ಟು ತೆರೆದ ಮೇಲೆ ಸಿಡಿದರೆ ಒಳಗಿನ ಭಾಗಗಳೇ ಒಡೆಯುತ್ತವೆ. ನಿಲ್ಲಿಸುವಾಗಲೂ ಕ್ರಮ ತಪ್ಪಬಾರದು: ಮೊದಲು ತೋಟೆ ಬರುವುದನ್ನು ತಡೆದು, ಕಟ್ಟು ಇನ್ನಷ್ಟು ತಿರುಗಿ ನಳಿಗೆಗಳೆಲ್ಲ ಖಾಲಿಯಾದ ಮೇಲೆ ನಿಲ್ಲಬೇಕು. ಕಾದ ನಳಿಗೆಯಲ್ಲಿ ಉಳಿದ ತೋಟೆ ಶಾಖಕ್ಕೇ ಸಿಡಿದೀತು. ಹ್ಯೂಯಿಯ ಎರಡೂ ಪಕ್ಕಗಳಲ್ಲಿ ಮಿನಿಗನ್ ಕೂರಿಸಿದ ಎಂ21 ವ್ಯವಸ್ಥೆಯಲ್ಲಿ ಒಂದು ಸಲಕ್ಕೆ ಮೂರೇ ಸೆಕೆಂಡು ಹಾರಿಸುವಂತೆ ಮಿತಿ ಇಟ್ಟಿದ್ದರು. ಎರಡು ಪಕ್ಕದ ಕೋವಿಗಳೂ ನಿಮಿಷಕ್ಕೆ 2400ರಂತೆ ಹಾರಿಸುತ್ತಿದ್ದವು; ಒಂದು ತಾನು ಪಕ್ಕಕ್ಕೆ ಹೊರಳಬಲ್ಲ ಮಿತಿ ಮುಟ್ಟಿ ನಿಂತರೆ ಇನ್ನೊಂದು 4000ಕ್ಕೆ ಏರುತ್ತಿತ್ತು.

ಪ್ರಶ್ನೆ: ಸಿನೆಮಾದಲ್ಲಿ ನಾಯಕ ಮಿನಿಗನ್ನನ್ನು ಕೈಯಲ್ಲೇ ಹಿಡಿದು ಹೊಡೆಯುತ್ತಾನಲ್ಲ?
– ಓದುಗರು, ಮಂಜೇಶ್ವರ

ಉತ್ತರ: ಆಗದ ಮಾತು. ಕೋವಿ, ತೋಟೆ, ಬ್ಯಾಟರಿ ಸೇರಿ ಒಬ್ಬ ಆಳಿನ ತೂಕಕ್ಕೆ ಸಮೀಪ ಬರುತ್ತದೆ. ಜೊತೆಗೆ ಆಗಲೇ ಹೇಳಿದ ಒದೆತ. 1500 ತೋಟೆ 15 ಸೆಕೆಂಡಿಗೆ ಮುಗಿಯುತ್ತದೆ.

ಪ್ರಶ್ನೆ: ಎಚ್‌ಎಎಲ್ ಕಾರ್ಖಾನೆ ಇರುವ ಊರಿನವರಾದ್ದರಿಂದ ಕೇಳುತ್ತಿದ್ದೇವೆ. ನಮ್ಮ ದೇಶದ ದಾಳಿ ಹೆಲಿಕಾಪ್ಟರುಗಳಲ್ಲಿ ಯಾವ ಕೋವಿ ಇದೆ?
– ಓದುಗರು, ಸೀತಾಂಗೋಳಿ

ಉತ್ತರ: ಎಚ್‌ಎಎಲ್‌ನ ರುದ್ರ ಮತ್ತು ಪ್ರಚಂಡದ ಮೂಗಿನಡಿ ಇರುವುದು ಫ್ರಾನ್ಸಿನ 20 ಮಿ.ಮೀ. ಫಿರಂಗಿ, ನಳಿಗೆ ಒಂದೇ. ಪೈಲಟ್ ತಲೆ ತಿರುಗಿಸಿದತ್ತ ಶಿರಸ್ತ್ರಾಣದ ಗುರಿಸಾಧನದ ಮೂಲಕ ಅದೂ ತಿರುಗುತ್ತದೆ. ಅಮೆರಿಕದಿಂದ ಕೊಂಡ ಅಪಾಚೆಯ 30 ಮಿ.ಮೀ. ಎಂ230 ಫಿರಂಗಿ ಕೂಡ ಒಂಟಿ ನಳಿಗೆಯದು. ಮೋಟಾರು ತಿರುಗಿಸುವ ಚೈನು ಅದರ ಬೋಲ್ಟನ್ನು ಎಳೆಯುತ್ತದೆ. ವೇಗ ನಿಮಿಷಕ್ಕೆ ಸುಮಾರು 625. ಇವುಗಳ ಗುಂಡು ಗುರಿಗೆ ತಾಗಿ ಸಿಡಿಯುವಂಥದ್ದಾದ್ದರಿಂದ ಸುರಿಮಳೆಯ ಅಗತ್ಯವಿಲ್ಲ. ಆದರೆ ವಾಯುಪಡೆಯ ಹಳೆಯ ಎಂಐ-25ರಲ್ಲಿ ತಿರುಗುವ ನಾಲ್ಕು ನಳಿಗೆಯ 12.7 ಮಿ.ಮೀ. ಕೋವಿ ಇತ್ತು. ಸೋವಿಯೆತ್ ತಂತ್ರಜ್ಞರು ಅದನ್ನು ಮೋಟಾರಿನ ಬದಲು ಮದ್ದಿನ ಅನಿಲದಿಂದಲೇ ತಿರುಗಿಸಿದರು. ವಿದ್ಯುತ್ತಿನ ಹೊರೆ ತಪ್ಪಿತು, ಆದರೆ ಸಿಕ್ಕಿಬೀಳುವ ದೂರು ಆ ಕೋವಿಯನ್ನು ಬಿಡಲಿಲ್ಲ. ಅದೇ ವಂಶದ ಎಂಐ-24ಪಿ ಮಾದರಿಗೆ ಅವರು ಎರಡು ನಳಿಗೆಯ 30 ಮಿ.ಮೀ. ಫಿರಂಗಿಯನ್ನು ಪಕ್ಕೆಗೆ ಅಲುಗದಂತೆ ಕೂರಿಸಿದರು.